ಗಣಿನೀರು ತಿಳಿಯಾದ ಮೇಲೆ ಉಳಿಯುವ ಕೆಸರು

ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟಿನ ದೊಡ್ಡ ಅಪಾರ್ಟ್‌ಮೆಂಟುಗಳ ಸಂಘದ ಸಭೆಯಲ್ಲಿ ಎಸ್‌ಟಿಪಿಯ, ಅಂದರೆ ಕೊಳಚೆ ಶುದ್ಧೀಕರಣ ಘಟಕದ, ಮಾತು ಬಂದರೆ ಚರ್ಚೆ ನೀರಿನ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಶುದ್ಧವಾದ ನೀರು ಫ್ಲಶ್‌ಗೆ ಹೋಗುತ್ತದೆ, ಗಿಡಕ್ಕೆ ಹೋಗುತ್ತದೆ. ಎಲ್ಲಿಗೂ ಹೋಗದೆ ಕೂರುವುದು ತೊಟ್ಟಿಯ ತಳದ ಸ್ಲಡ್ಜು. ಅದನ್ನು ಫಿಲ್ಟರ್ ಪ್ರೆಸ್‌ಗೆ ಹಾಕಿ ಹಿಂಡುವವರು ಯಾರು, ಹಿಂಡಿದ್ದನ್ನು ಒಯ್ಯುವವರು ಯಾರು, ಒಯ್ದು ಸುರಿಯುವುದೆಲ್ಲಿ ಎಂಬಲ್ಲಿಗೆ ಬಂದಾಗ ಸಭೆ ಬಿಸಿಯೇರುತ್ತದೆ. ಎಸ್‌ಟಿಪಿ ಇಲ್ಲದ ಹಳೆಯ ಬಡಾವಣೆಗಳಿಗೆ ಈ ತಲೆನೋವು ಇಲ್ಲ ಅನ್ನಿಸಬಹುದು. ಲಾಲ್‌ಬಾಗಿಗೆ ಅಂಟಿಕೊಂಡಿರುವ ಸಿದ್ದಾಪುರದಂಥ ಕಡೆ ಮನೆಮನೆಯ ಕೊಳಚೆ ಒಳಚರಂಡಿ ಸೇರಿ ಕೋರಮಂಗಲ ಕಣಿವೆಯ ಇಳಿಜಾರು ಹಿಡಿದು ಹೊರಟುಬಿಡುತ್ತದೆ. ಆ ಕಣಿವೆಯ ಕೊನೆಯಲ್ಲಿ ಶುದ್ಧೀಕರಿಸಿದ ನೀರನ್ನು 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಕೊಳವೆಗಳ ಮೂಲಕ ಕೋಲಾರ ಜಿಲ್ಲೆಯ ಕೆರೆಗಳಿಗೆ ಎತ್ತಿ ಹರಿಸಲಾಗುತ್ತಿದೆ. ಆ ನೀರಿನ ಗುಣಮಟ್ಟದ ಬಗ್ಗೆ ಹೈಕೋರ್ಟು, ಸುಪ್ರೀಂ ಕೋರ್ಟುಗಳವರೆಗೆ ವಾದ ನಡೆಯಿತು. ಶುದ್ಧೀಕರಣದಲ್ಲಿ ಹೊರಬಿದ್ದ ಸ್ಲಡ್ಜಿನ ಬಗ್ಗೆ ಅಷ್ಟು ಆಸ್ಥೆಯಿಂದ ಯಾರೂ ವಾದಿಸಿದಂತಿಲ್ಲ. ನೀರು ತಲುಪಿದ ಅದೇ ಜಿಲ್ಲೆಯ ಪೂರ್ವದಂಚಿನಲ್ಲಿ, ಕೋಲಾರ ಚಿನ್ನದ ಗಣಿಯ ಊರಾದ ಕೆಜಿಎಫ್‌ನಲ್ಲಿ, ಈ ಉಪೇಕ್ಷೆ ಇನ್ನೂ ದುಬಾರಿಯಾಗಬಹುದಾದ ಸಂದರ್ಭವೊಂದು ಈಗ ಎದುರಾಗಿದೆ.

ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರ ದಶಕದಲ್ಲಿ ಕೈಹಾಕಿದ ಕೋಲಾರದ ಚಿನ್ನದ ಗಣಿ 1956ರಲ್ಲಿ ಸರ್ಕಾರದ ಕೈಗೆ ಬಂತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು, 2001ರ ಫೆಬ್ರುವರಿ 28ಕ್ಕೆ ಬಾಗಿಲು ಹಾಕಿತು. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ತಂದ ಕಲ್ಲನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಪುಡಿ 13 ದಿಬ್ಬಗಳಾಗಿ ಊರಿನ ನಡುವೆ ನಿಂತಿದೆ. ಒಟ್ಟು ಸುಮಾರು 3.3 ಕೋಟಿ ಟನ್. ಊರಿನವರು ಅದನ್ನು ಸೈನೈಡ್ ದಿಬ್ಬ ಅನ್ನುತ್ತಾರೆ, ಸಿನಿಮಾದವರಿಗೆ ಅದು ಚಿತ್ರೀಕರಣದ ಜಾಗ. ಸುಮಾರು ಸಾವಿರ ಎಕರೆಯಲ್ಲಿ ಹರಡಿರುವ ಈ ದಿಬ್ಬಗಳಲ್ಲಿ ಉಳಿದ ಚಿನ್ನವನ್ನು ಮತ್ತೆ ತೆಗೆಯಲು ಹರಾಜು ಹಾಕುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಚಿನ್ನ ಎಷ್ಟು ಸಿಕ್ಕೀತು, ಕೆಲಸ ಎಷ್ಟು ಜನಕ್ಕೆ ಸಿಕ್ಕೀತು ಎಂಬುದೇ ಈ ಸುದ್ದಿಯ ಜೀವಾಳವಾಯಿತು. ದಿಬ್ಬ ಕದಡಿದಾಗ ಹೊರಬರುವ ನೀರನ್ನು ಶುದ್ಧ ಮಾಡಬೇಕಾಗುತ್ತದೆ ಎಂಬುದನ್ನೂ ಯಾರಾದರೂ ಬರೆದುಕೊಳ್ಳುತ್ತಾರೆ, ಕಾನೂನು ಬಿಡುವುದಿಲ್ಲ. ನನ್ನ ವಾದ ಅದಕ್ಕಿಂತ ಒಂದು ಹೆಜ್ಜೆ ಮುಂದಿನದು. ಕೈಬಿಟ್ಟ ಗಣಿಯ ನೀರನ್ನು ಶುದ್ಧ ಮಾಡುವ ಯಾವುದೇ ವಿಧಾನವನ್ನು ಅದು ಬಿಡುವ ನೀರಿನ ಜೊತೆಗೆ ಅದು ಹುಟ್ಟಿಸುವ ಕೆಸರಿನಿಂದಲೂ ಅಳೆಯಬೇಕು. ಟೆಂಡರಿನಲ್ಲಿ ಆ ಅಳತೆ ಇಲ್ಲದಿದ್ದರೆ ಕಡಿಮೆ ಬೆಲೆ ಹೇಳುವವನು ಗೆಲ್ಲುತ್ತಾನೆ. ಅವನ ಬೆಲೆ ಕಡಿಮೆಯಾದದ್ದು ಕೆಸರನ್ನು ಊರಿನ ಲೆಕ್ಕಕ್ಕೆ ಬರೆದದ್ದರಿಂದ.

ಗಣಿನೀರು ಕೆಡುವ ಬಗೆ ಸರಳ. ಅದಿರಿನ ಜೊತೆ ಪೈರೈಟ್‌ನಂಥ ಗಂಧಕದ ಖನಿಜ ಇರುತ್ತದೆ. ನೆಲದೊಳಗೆ ಮುಚ್ಚಿಕೊಂಡಿದ್ದಷ್ಟು ಕಾಲ ಅದು ತೆಪ್ಪಗಿರುತ್ತದೆ. ಅಗೆದು, ಒಡೆದು, ಪುಡಿ ಮಾಡಿ ಗಾಳಿಗೂ ನೀರಿಗೂ ಒಡ್ಡಿದ ಮೇಲೆ ಗಂಧಕಾಮ್ಲವಾಗಿ, ಕಬ್ಬಿಣವನ್ನು ನೀರಿಗೆ ಬಿಡುತ್ತದೆ. ಆ ಆಮ್ಲ ಸುತ್ತಲಿನ ಕಲ್ಲಿನಿಂದ ತಾಮ್ರ, ಸತು, ನಿಕಲ್‌ಗಳನ್ನು ಕರಗಿಸಿಕೊಳ್ಳುತ್ತದೆ. ಇದನ್ನು ತೀವ್ರಗೊಳಿಸುವ ಬ್ಯಾಕ್ಟೀರಿಯಾವನ್ನು ವಿಜ್ಞಾನಿಗಳು ಗುರುತಿಸಿದ್ದು 1947ರಲ್ಲಿ. ಕರ್ನಾಟಕದ ಗಣಿಗಳಲ್ಲಿ ಇಂಥ ಜೀವಿಗಳ ಅಧ್ಯಯನವನ್ನು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಎ. ನಟರಾಜನ್ ಮತ್ತು ಅವರ ಸಂಗಡಿಗರು ದಶಕಗಳ ಕಾಲ ಮಾಡಿದ್ದಾರೆ. ಇಂಥ ನೀರಿಗೆ ಜಗತ್ತಿನಾದ್ಯಂತ ಕೊಡುವ ಮೊದಲ ಮದ್ದು ಸುಣ್ಣ. ಕಲಕಿದ ಸುಣ್ಣದ ನೀರು ಬೀಳುತ್ತಿದ್ದಂತೆ ಮೊದಲು ಹಸಿರು ಛಾಯೆಯ ಮೋಡದಂಥದ್ದು ಎದ್ದು, ಗಾಳಿ ತಾಗಿದಂತೆ ಕಿತ್ತಳೆ ಬಣ್ಣಕ್ಕೆ ತಿರುಗಿ, ಹಿಂಜಿದ ಹತ್ತಿಯ ಹಾಗೆ ತೇಲಾಡುತ್ತ ನಿಧಾನವಾಗಿ ಕೆಳಗಿಳಿಯುತ್ತದೆ. ಮೇಲೆ ತಿಳಿನೀರು. ಪಿಎಚ್ ಸರಿ, ಲೋಹ ಮಿತಿಯೊಳಗೆ, ಮಾಲಿನ್ಯ ನಿಯಂತ್ರಣ ಮಂಡಳಿಯ ವರದಿ ಸರಿ.

ಕೆಳಗಿಳಿದದ್ದರ ಲೆಕ್ಕ ಮಾಡಿ ನೋಡೋಣ. ದಿನಕ್ಕೆ ಹತ್ತು ಲಕ್ಷ ಲೀಟರ್ ನೀರು ಬರುತ್ತದೆ, ಲೀಟರಿಗೆ 500 ಮಿಲಿಗ್ರಾಂ ಕಬ್ಬಿಣ ಕರಗಿದೆ ಎಂದಿಟ್ಟುಕೊಳ್ಳಿ. ಇದು ಉದಾಹರಣೆಗೆ ಹಿಡಿದ ಅಂಕಿ, ಕೆಜಿಎಫ್‌ನ ಅಳತೆಯಲ್ಲ. ಕಬ್ಬಿಣ ದಿನಕ್ಕೆ ಅರ್ಧ ಟನ್ ಆಯಿತು. ಅದು ಹೈಡ್ರಾಕ್ಸೈಡ್ ಆಗಿ ಕೆಳಗೆ ಕೂರುವಾಗ ತೂಕ ಸುಮಾರು ದುಪ್ಪಟ್ಟಾಗಿ 950 ಕಿಲೋ ಆಗುತ್ತದೆ. ಹೆಚ್ಚುಕಡಿಮೆ ಒಂದು ಟನ್, ಅಂಥ ಭಾರವೇನಲ್ಲ. ಆದರೆ ಅದು ಒಣಪುಡಿಯಾಗಿ ಸಿಗುವುದಿಲ್ಲ. ಮಾಮೂಲಿ ಸುಣ್ಣದ ಘಟಕದಲ್ಲಿ ತಳ ಸೇರುವ ಕೆಸರಿನಲ್ಲಿ ಘನ ಅಂಶ ನೂರಕ್ಕೆ ಒಂದರಿಂದ ಐದು ಪಾಲು, ಮಿಕ್ಕಿದ್ದೆಲ್ಲ ನೀರು. ಎರಡು ಪಾಲು ಎಂದು ಹಿಡಿದರೆ ದಿನಕ್ಕೆ 48 ಟನ್ ಕೆಸರು. ಹತ್ತು ಟನ್ನಿನ ಲಾರಿಯಾದರೆ ದಿನಕ್ಕೆ ಐದು. ವರ್ಷಕ್ಕೆ 17 ಸಾವಿರ ಟನ್ ದಾಟುತ್ತದೆ. ಲೋಹದ ಅಂಶ ಮಿತಿ ಮೀರಿದ್ದರೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅದನ್ನು ಕಂಡಕಂಡಲ್ಲಿ ಸುರಿಯುವಂತಿಲ್ಲ. ನೆಲಮಂಗಲದಾಚೆ ದಾಬಸ್‌ಪೇಟೆಯಲ್ಲಿರುವ ವಿಲೇವಾರಿ ಘಟಕದಂಥ ಕಡೆಗೇ ಒಯ್ಯಬೇಕು. ಕೆಜಿಎಫ್‌ನಿಂದ ಅಲ್ಲಿಗೆ ಬೆಂಗಳೂರು ದಾಟಿಕೊಂಡು ಸುಮಾರು 150 ಕಿಲೋಮೀಟರ್. ಕೆಸರಿನ ಹೆಸರಿನಲ್ಲಿ ನೂರಕ್ಕೆ 98 ಪಾಲು ನೀರನ್ನು ಡೀಸೆಲ್ ಸುಟ್ಟು ಸಾಗಿಸುವ ವ್ಯವಸ್ಥೆ ಇದು. ಯಾರೂ ಹಾಗೆ ಸಾಗಿಸುವುದಿಲ್ಲ. ಪಕ್ಕದಲ್ಲೊಂದು ಕೊಳ ತೋಡಿ ಬಿಡುತ್ತಾರೆ, ಕೊಳ ತುಂಬಿದರೆ ಏರಿ ಎತ್ತರಿಸುತ್ತಾರೆ. ಈ ಕಿತ್ತಳೆ ಲೋಳೆ ಮೇಲೆ ಮಾತ್ರ ಒಣಗಿ ಬಿರುಕು ಬಿಡುತ್ತದೆ. ಕೆಳಗೆ ವರ್ಷಗಟ್ಟಲೆ ಹಸಿಯಾಗಿಯೇ ಇರುತ್ತದೆ. ದನ ನಡೆದರೆ ಹೂತುಹೋಗುತ್ತದೆ.

ಇದಕ್ಕೆ ಪರಿಹಾರ ಹೊಸದೇನಲ್ಲ. 1970ರ ಸುಮಾರಿಗೇ ಅಮೆರಿಕದ ಬೆತ್ಲೆಹೆಮ್ ಸ್ಟೀಲ್ ಕಂಪನಿಯ ಎಂಜಿನಿಯರುಗಳು ಕಲ್ಲಿದ್ದಲು ಗಣಿಯ ನೀರಿಗೆ ಒಂದು ಉಪಾಯ ಕಂಡುಕೊಂಡಿದ್ದರು. ತಳ ಸೇರಿದ ಕೆಸರನ್ನು ಎಸೆಯದೆ ಬಹುಪಾಲನ್ನು ಪಂಪ್ ಮಾಡಿ ಹಿಂದಕ್ಕೆ ತಂದು, ಹೊಸ ಸುಣ್ಣವನ್ನು ಗಣಿನೀರಿಗೆ ನೇರವಾಗಿ ಹಾಕುವ ಬದಲು ಆ ಹಳೆಯ ಕೆಸರಿಗೆ ಕಲಸಿ, ಆಮೇಲೆ ಗಣಿನೀರಿಗೆ ಬಿಡುವುದು. ಕೇಳಲು ವಿಚಿತ್ರ ಅನ್ನಿಸುತ್ತದೆ, ಕೆಸರು ಕಡಿಮೆ ಮಾಡಲು ಕೆಸರನ್ನೇ ಸೇರಿಸುವುದು. ಆದರೆ ನಡೆಯುವುದಿಷ್ಟು: ಹಳೆಯ ಕಣಗಳ ಮೈಗೆಲ್ಲ ಸುಣ್ಣ ಮೆತ್ತಿಕೊಂಡಿರುತ್ತದೆ, ಕರಗಿದ ಕಬ್ಬಿಣ ಗಟ್ಟಿಯಾಗುವ ಹೊತ್ತಿಗೆ ಅದಕ್ಕೆ ಕೂರಲು ಒಂದು ಮೈ ಸಿಗುತ್ತದೆ. ನೀರಿನಲ್ಲಿ ಅಂತರಪಿಶಾಚಿಯಂತೆ ತೇಲುವ ಬದಲು ಹಳೆಯ ಕಣದ ಮೇಲೆ ಪದರ ಪದರವಾಗಿ ಬೆಳೆಯುತ್ತದೆ. ಹೊಸದಾಗಿ ಹುಟ್ಟುವ ಪ್ರತಿ ಒಂದು ಕಿಲೋ ಘನಕ್ಕೆ ಇಪ್ಪತ್ತು ಮೂವತ್ತು ಕಿಲೋ ಹಳೆಯದನ್ನು ಹೀಗೆ ಸುತ್ತಿಸಿದರೆ, ಸಿಗುವ ಕೆಸರಿನಲ್ಲಿ ಘನ ಅಂಶ ನೂರಕ್ಕೆ 20ರಿಂದ 30 ಪಾಲಿಗೆ ಏರುತ್ತದೆ. ಮೇಲಿನ ಲೆಕ್ಕಕ್ಕೆ 25 ಪಾಲು ಹಾಕಿ ನೋಡಿ: ದಿನಕ್ಕೆ 48 ಟನ್ ಇದ್ದದ್ದು ನಾಲ್ಕು ಟನ್ನಿಗೂ ಕಡಿಮೆಯಾಗುತ್ತದೆ. ದಿನಕ್ಕೆ ಐದು ಲಾರಿಯ ಜಾಗದಲ್ಲಿ ಎರಡು ಮೂರು ದಿನಕ್ಕೊಂದು ಲಾರಿ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ವೀಲ್ ಜೇನ್ ತವರದ ಗಣಿ 1991ರಲ್ಲಿ ಮುಚ್ಚಿ, ಪಂಪು ನಿಂತು, 1992ರ ಜನವರಿಯಲ್ಲಿ ಒಳಗಿನ ನೀರು ಒಮ್ಮೆಲೇ ಹೊರನುಗ್ಗಿ ಕಾರ್ನನ್ ನದಿಯನ್ನೂ ಅದರ ಅಳಿವೆಯನ್ನೂ ಕಿತ್ತಳೆ ಬಣ್ಣಕ್ಕೆ ತಿರುಗಿಸಿತು. ಹಲವು ವರ್ಷಗಳ ತಾತ್ಕಾಲಿಕ ಏರ್ಪಾಡಿನ ನಂತರ 2000ದಲ್ಲಿ ಅಲ್ಲಿ ಕಟ್ಟಿದ ಕಾಯಂ ಘಟಕ ಇದೇ ಬಗೆಯದು. ಕ್ಯಾಲಿಫೋರ್ನಿಯಾದ ಐರನ್ ಮೌಂಟನ್, ಅಂದರೆ ಜಗತ್ತಿನಲ್ಲಿ ಅಳೆಯಲಾದ ಅತಿ ಆಮ್ಲೀಯ ಗಣಿನೀರು ಸಿಕ್ಕ ಜಾಗ, ಅಲ್ಲಿನ ಘಟಕವೂ 1990ರ ದಶಕದಲ್ಲಿ ಈ ಹಾದಿಗೇ ಬಂತು. ಅಲ್ಲಿ ಆಮ್ಲ ಇನ್ನೂ ಸಾವಿರಾರು ವರ್ಷ ಹರಿಯುತ್ತದೆ ಎಂದು ತಜ್ಞರ ಅಂದಾಜು. ಅಷ್ಟು ಕಾಲದ ಕೆಸರಿಗೆ ಜಾಗ ಹುಡುಕಬೇಕಾದವರಿಗೆ ಹನ್ನೆರಡು ಪಟ್ಟು ವ್ಯತ್ಯಾಸ ಸಣ್ಣದಾಗಿ ಕಾಣುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. ಇದರಲ್ಲಿ ಕಡಿಮೆಯಾದದ್ದು ನೀರು ಮಾತ್ರ, ಲೋಹ ಅಷ್ಟೇ ಇದೆ, ಹಾಗಾಗಿ ಕೆಸರು ಕಡಿಮೆಯಾಯಿತು ಅನ್ನುವುದು ಮಾತಿನ ಚಮತ್ಕಾರ ಎಂಬುದು. ಲೋಹವನ್ನು ಯಾರೂ ಇಲ್ಲವಾಗಿಸಲಾರರು, ಒಪ್ಪಿದೆ. ಆದರೆ ಕೆಸರಿನಿಂದ ಆಗುವ ಕೇಡೆಲ್ಲ ಅದರ ತೂಕದಿಂದಲೇ ಆಗುವುದಲ್ಲ, ಬಹಳಷ್ಟು ಅದರ ಗಾತ್ರ ಮತ್ತು ಹಸಿತನದಿಂದ ಆಗುತ್ತದೆ. ಕೊಳದ ಏರಿ ಒಡೆಯುವುದು ಒಳಗೆ ದ್ರವ ಇದ್ದಾಗ. ನೆಲಕ್ಕೆ ಜಿನುಗುವುದು ನೀರು ಇದ್ದಾಗ. ಸಾಗಣೆ, ಜಾಗ, ಮುಚ್ಚಿಗೆ ಎಲ್ಲದರ ಖರ್ಚೂ ಗಾತ್ರವನ್ನೇ ಹಿಡಿದು ಏರುತ್ತದೆ. ಜೊತೆಗೆ, ಕೆಸರು ಸುತ್ತಿಸುವ ವಿಧಾನದಲ್ಲಿ ಸುಣ್ಣ ಪೂರ್ತಿ ಬಳಕೆಯಾಗುವುದರಿಂದ ಕರಗದೆ ಹಾಗೇ ತಳ ಸೇರುವ ಸುಣ್ಣವೂ ತಗ್ಗುತ್ತದೆ. ಅಂದರೆ ಒಣ ತೂಕವೂ ಸ್ವಲ್ಪ ಇಳಿಯುತ್ತದೆ. ನಮ್ಮಲ್ಲಿ ಇಂಥದ್ದನ್ನೆಲ್ಲ ನಡೆಸಲು ಆಗುವುದಿಲ್ಲ, ಎಸ್‌ಟಿಪಿಯ ಮೋಟಾರನ್ನೇ ಕರೆಂಟ್ ಉಳಿಸಲೆಂದು ಆಫ್ ಮಾಡಿಡುವವರು ನಾವು ಎಂಬ ಇನ್ನೊಂದು ಮಾತಿದೆ. ಮಾಮೂಲಿ ಸುಣ್ಣದ ಘಟಕಕ್ಕೆ ಹೋಲಿಸಿದರೆ ಇದರಲ್ಲಿ ಹೆಚ್ಚಿಗೆ ಇರುವುದು ಒಂದು ಪಂಪು, ಕಲಸುವ ಒಂದು ಸಣ್ಣ ಟ್ಯಾಂಕು, ಆಮೇಲೆ ಪಿಎಚ್ ಅಳೆಯುವ ಕಡ್ಡಿಗೆ ಕಟ್ಟುವ ಸುಣ್ಣದ ಹಕ್ಕಳೆಯನ್ನು ತಪ್ಪದೆ ತೊಳೆಯುವ ಒಬ್ಬ ಮನುಷ್ಯ. ಪಂಪು ಕೆಟ್ಟರೆ ಘಟಕ ಮಾಮೂಲಿ ಸುಣ್ಣದ ಘಟಕದ ಮಟ್ಟಕ್ಕೆ ಇಳಿಯುತ್ತದೆ, ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಗಾತ್ರದ ಮಾತಾಯಿತು. ತೂಕವನ್ನೇ ಇಳಿಸುವ ದಾರಿಗಳೂ ಇವೆ, ಅವುಗಳಲ್ಲಿ ಕೆಲವು ನಾಚಿಕೆಯಾಗುವಷ್ಟು ಅಗ್ಗ. ಆಳದ ಗಣಿಯಿಂದ ಎತ್ತಿದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಬಹಳ ಕರಗಿರುವುದುಂಟು. ಅದಕ್ಕೆ ಸುಣ್ಣ ಹಾಕಿದರೆ ಸುಣ್ಣದ ಒಂದು ಪಾಲು ಈ ಅನಿಲದ ಜೊತೆ ಸೇರಿ ಸುಣ್ಣಕಲ್ಲಿನ ಪುಡಿಯಾಗಿ ತಳ ಸೇರುತ್ತದೆ. ದುಡ್ಡು ಕೊಟ್ಟು ಕೆಸರು ಕೊಂಡ ಹಾಗೆ. ಸುಣ್ಣ ಹಾಕುವ ಮುಂಚೆ ನೀರನ್ನು ಮೆಟ್ಟಿಲುಗಳ ಮೇಲೆ ಧುಮುಕಿಸಿದರೆ ಅಥವಾ ಗಾಳಿ ಊದಿದರೆ ಅನಿಲ ಹಾರಿಹೋಗುತ್ತದೆ, ಸುಣ್ಣವೂ ಉಳಿಯುತ್ತದೆ, ಕೆಸರೂ ತಗ್ಗುತ್ತದೆ. ಗಂಧಕದ ಅಂಶ ವಿಪರೀತ ಇದ್ದಾಗ ಸುಣ್ಣದ ಕ್ಯಾಲ್ಸಿಯಂ ಅದರ ಜೊತೆ ಸೇರಿ ಜಿಪ್ಸಮ್ ಆಗುತ್ತದೆ. ಲೀಟರಿಗೆ ಎರಡೂವರೆ ಗ್ರಾಂನಷ್ಟು ಜಿಪ್ಸಮ್ ನೀರಿನಲ್ಲೇ ಕರಗಿ ಉಳಿದೀತು, ಅದಕ್ಕಿಂತ ಹೆಚ್ಚಾದದ್ದು ಕೆಸರಿನ ರಾಶಿಗೆ. ಸುಣ್ಣದ ಬದಲು ಕಾಸ್ಟಿಕ್ ಸೋಡಾ ಹಾಕಿದರೆ ಜಿಪ್ಸಮ್ ಹುಟ್ಟುವುದಿಲ್ಲ ಎಂದು ಮಾರುವವರು ಹೇಳುತ್ತಾರೆ, ನಿಜ. ಆದರೆ ಅದರ ಕೆಸರು ಇನ್ನೂ ಲೋಳೆಯಾದದ್ದು, ಉಪ್ಪೆಲ್ಲ ನೀರಿನಲ್ಲೇ ಉಳಿಯುತ್ತದೆ. ಬೋರ್‌ವೆಲ್ ನಂಬಿ ಬೇಸಾಯ ಮಾಡುವ ಕೋಲಾರದಲ್ಲಿ ಅಂಥ ನೀರನ್ನು ಎಲ್ಲಿ ಬಿಡುತ್ತೀರಿ? ಆರ್‌ಒ ಪೊರೆಗಳ ಕಥೆಯೂ ಅಷ್ಟೇ. ಆ ಕಡೆ ಸ್ಫಟಿಕದಂಥ ನೀರು, ಈ ಕಡೆ ನಾಲ್ಕೈದು ಪಟ್ಟು ಮಂದವಾದ ಕಹಿದ್ರವ, ಅದನ್ನು ಮತ್ತೆ ಸುಣ್ಣದ ತೊಟ್ಟಿಗೇ ತರಬೇಕು.

ಎಲ್ಲಕ್ಕಿಂತ ಕಡಿಮೆ ಕೆಸರು ಬರುವುದು ಕೆಡದೇ ಇರುವ ನೀರಿನಿಂದ. ಕೋಲಾರದ ಕಡೆ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆ. ದಿಬ್ಬಗಳಿರುವ ಸಾವಿರ ಎಕರೆಯ ಮೇಲೆ ಅಷ್ಟು ಮಳೆ ಬಿದ್ದರೆ 280 ಕೋಟಿ ಲೀಟರ್ ಆಯಿತು. ಅದರಲ್ಲಿ ಬಹುಪಾಲು ಆವಿಯಾಗುತ್ತದೆ, ಒಂದಷ್ಟು ಮೈಮೇಲಿಂದ ಹರಿದು ಪುಡಿಯನ್ನು ಕೊಚ್ಚಿಕೊಂಡು ಹೋಗುತ್ತದೆ, ಒಂದಷ್ಟು ಒಳಗಿಳಿದು ಗಂಧಕಕ್ಕೆ ನೀರೂಡುತ್ತದೆ. ದಿಬ್ಬದ ನೆತ್ತಿಯನ್ನು ಇಳಿಜಾರು ಮಾಡಿ, ಜೇಡಿಯ ಪದರ ಹಾಕಿ, ಮೇಲೆ ಮಣ್ಣು ಹರಡಿ ಹುಲ್ಲು ಬೆಳೆಸಿದರೆ, ಸುತ್ತಲಿನ ಒಳ್ಳೆಯ ನೀರು ದಿಬ್ಬಕ್ಕೆ ತಾಗದಂತೆ ಕಾಲುವೆ ತೋಡಿದರೆ, ಶುದ್ಧ ಮಾಡಬೇಕಾದ ನೀರೇ ಇಳಿಯುತ್ತದೆ. ಗಾಳಿಗಾಲದಲ್ಲಿ ಕೆಜಿಎಫ್ ಜನರ ಮೂಗಿಗೆ ಬಡಿಯುವ ಧೂಳೂ ಇಳಿಯುತ್ತದೆ. ಈ ಕೆಲಸಕ್ಕೆ ತಂತ್ರಜ್ಞಾನದ ಠೀವಿ ಇಲ್ಲ, ಉದ್ಘಾಟನೆಗೆ ಒಂದು ಕಟ್ಟಡ ಇಲ್ಲ. ಹಾಗಾಗಿ ಯೋಜನಾ ವರದಿಗಳಲ್ಲಿ ಇದು ಕೊನೆಯ ಪುಟಕ್ಕೆ ಹೋಗುತ್ತದೆ. ಪುನರ್‌ಸಂಸ್ಕರಣೆಗೆಂದು ದಿಬ್ಬವನ್ನು ಒಂದೊಂದಾಗಿ ಬಿಚ್ಚುವಾಗ ಬಿಚ್ಚಿದ ಮೈಯನ್ನು ಎಷ್ಟು ದಿನ ಮಳೆಗೆ ಒಡ್ಡಬಹುದು ಎಂಬ ಒಂದೇ ಷರತ್ತು, ಮುಂದೆ ಕಟ್ಟುವ ಯಾವ ಘಟಕಕ್ಕಿಂತಲೂ ಹೆಚ್ಚು ಕೆಸರು ತಪ್ಪಿಸೀತು.

ಕೋಲಾರದ ಬಂಡೆ ಆಮ್ಲ ಬಿಡುವ ಜಾತಿಯದ್ದಲ್ಲ, ಅಲ್ಲಿ ಚಿಂತೆ ಇರುವುದು ಸೈನೈಡಿನದು, ಹೀಗಿರುವಾಗ ಪೈರೈಟ್ ಪುರಾಣ ಯಾಕೆ ಎಂದು ಕೇಳುವವರಿದ್ದಾರೆ. ಭಾಗಶಃ ಸರಿ. ಮುಖ್ಯ ಲೋಡ್‌ಗಳ, ಅಂದರೆ ಅದಿರಿನ ಎಳೆಗಳ, ಬೆಣಚುಕಲ್ಲಿನಲ್ಲಿ ಗಂಧಕ ಕಡಿಮೆ. ಪಶ್ಚಿಮದ ಲೋಡ್‌ಗಳದ್ದು ಗಂಧಕ ಹೆಚ್ಚಿರುವ ಅದಿರು. ನೂರಿಪ್ಪತ್ತು ವರ್ಷಗಳ ಪುಡಿ ಬೆರೆತ ದಿಬ್ಬಗಳನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸಲಾಗದು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನ ಕೆಜಿಎಫ್ ಪುಡಿಯನ್ನು ಸೈನೈಡ್ ಮತ್ತು ಆಮ್ಲ ಸೋರಿಕೆ ಎರಡೂ ದೃಷ್ಟಿಯಿಂದ ಪರೀಕ್ಷಿಸಿತು ಎಂಬುದೇ ಪ್ರಶ್ನೆ ಎರಡೂ ಕಡೆ ಇದೆ ಎಂಬುದನ್ನು ತೋರಿಸುತ್ತದೆ. ಇನ್ನು ಸೈನೈಡಿಗೂ ಕೆಸರಿಗೂ ಸಂಬಂಧ ಇಲ್ಲ ಎಂದುಕೊಂಡರೆ ಅದೂ ತಪ್ಪು. ಬಿಡಿಯಾದ ಸೈನೈಡ್ ಬಿಸಿಲಿಗೆ, ಗಾಳಿಗೆ ಒಡೆದುಹೋಗುತ್ತದೆ. ಕಬ್ಬಿಣಕ್ಕೆ ಅಂಟಿಕೊಂಡದ್ದು ಹಟಮಾರಿ. ಅದನ್ನು ನೀರಿನಿಂದ ತೆಗೆಯುವ ಹಳೆಯ ವಿಧಾನದಲ್ಲಿ ಕಬ್ಬಿಣದ ಲವಣ ಹಾಕಿ ಪ್ರಷ್ಯನ್ ಬ್ಲೂ ಎಂಬ ಕಡುನೀಲಿ ಪುಡಿಯಾಗಿ ಬೀಳಿಸುತ್ತಾರೆ. ಅದೂ ಕೆಸರೇ, ಬಣ್ಣ ಬೇರೆ. ಆಮ್ಲದ ಪ್ರಶ್ನೆ ಇನ್ನೂ ನೇರವಾಗಿ ಏಳುವುದು ಚಿತ್ರದುರ್ಗದ ಪಕ್ಕದ ಇಂಗಳದಾಳ್ ತಾಮ್ರದ ಗಣಿಯಂಥ ಕಡೆ. ಅಲ್ಲಿನ ಅದಿರೇ ತಾಮ್ರ, ಕಬ್ಬಿಣ, ಗಂಧಕ ಸೇರಿದ್ದು, ಜೊತೆಗೆ ಪೈರೈಟ್. ಅರಸೀಕೆರೆ ತಾಲ್ಲೂಕಿನ ಕಲ್ಯಾಡಿಯದೂ ತಾಮ್ರದ್ದೇ ಕಥೆ.

ನನ್ನ ವಾದಕ್ಕೂ ಒಂದು ಎಲ್ಲೆ ಇದೆ, ಅದನ್ನು ತೋರಿಸುವುದು ಯಾದಗಿರಿ ಜಿಲ್ಲೆ ಸುರಪುರ ಸೀಮೆಯ ಕಿರದಳ್ಳಿ ತಾಂಡಾ. ಬ್ರಿಟಿಷರ ಕಾಲದಲ್ಲಿ ತೋಡಿ ಬಿಟ್ಟ, ಆ ಸೀಮೆಯದೇ ಆದ ಮಂಗಳೂರು ಚಿನ್ನದ ಗಣಿಯ ಆಸುಪಾಸಿನ ಈ ತಾಂಡಾದಲ್ಲಿ ಕೊಳವೆಬಾವಿಯ ನೀರು ಕುಡಿದವರ ಚರ್ಮದ ಮೇಲೆ ಆರ್ಸೆನಿಕ್ ವಿಷದ ಗುರುತು ಕಂಡ ಬಗ್ಗೆ 2013ರಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ವಿವರವಾದ ವರದಿ ಬಂದಿದೆ. ಆ ಸೀಮೆಯ ಶಿಲೆಗಳಲ್ಲಿ ಚಿನ್ನದ ಜೊತೆ ಆರ್ಸೆನಿಕ್ ಖನಿಜವೂ ಇರುತ್ತದೆ. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು ಎಂಬುದು ಭಾರತೀಯ ಮಾನಕ. ಇಂಥ ನೀರಿನಿಂದ ಆರ್ಸೆನಿಕ್ ತೆಗೆಯಲು ಕಬ್ಬಿಣದ ಲವಣವನ್ನು ಬೇಕೆಂದೇ ಹಾಕಬೇಕು, ಆರ್ಸೆನಿಕ್ ಹೋಗಿ ಕಬ್ಬಿಣದ ಹೈಡ್ರಾಕ್ಸೈಡಿಗೆ ಅಂಟಿಕೊಳ್ಳಲಿ ಎಂದು. ಕಬ್ಬಿಣ ಜಿಪುಣತನ ಮಾಡಿ ಹಾಕಿದರೆ ಕೆಸರೇನೋ ಕಡಿಮೆ, ಆದರೆ ಆರ್ಸೆನಿಕ್ ಭದ್ರವಾಗಿ ಕೂರುವುದಿಲ್ಲ. ಪರಮಾಣುಗಳ ಲೆಕ್ಕದಲ್ಲಿ ಒಂದು ಆರ್ಸೆನಿಕ್‌ಗೆ ಕಬ್ಬಿಣ ಮೂರು ನಾಲ್ಕಾದರೂ ಇರಬೇಕು ಎಂಬುದು ಈ ಕ್ಷೇತ್ರದವರ ರೂಢಿ. ಇಲ್ಲಿ ಕೆಸರಿನ ಉಳಿತಾಯಕ್ಕಿಂತ ಕೆಸರಿನ ಸ್ಥಿರತೆ ಮುಖ್ಯ. ಇನ್ನೊಂದು ಸೂಕ್ಷ್ಮ ಇದೆ. ಹಳ್ಳಿಯ ಫಿಲ್ಟರಿನಿಂದ ಹೊರಬಂದ ಹಿಡಿ ಕೆಸರನ್ನು ತಿಪ್ಪೆಗೆ ಎಸೆಯುವುದು ಸಹಜ. ಆದರೆ ತಿಪ್ಪೆಯ ಒಳಗೆ ಗಾಳಿ ಇರುವುದಿಲ್ಲ, ಗಾಳಿ ಇಲ್ಲದ ಕಡೆ ಕಬ್ಬಿಣ ಮತ್ತೆ ಕರಗುವ ರೂಪಕ್ಕೆ ತಿರುಗುತ್ತದೆ, ಹಿಡಿದಿಟ್ಟುಕೊಂಡ ಆರ್ಸೆನಿಕ್ಕನ್ನು ಬಿಟ್ಟುಬಿಡುತ್ತದೆ. ಆಮೇಲೆ ಅದು ಗೊಬ್ಬರದ ಜೊತೆ ಹೊಲಕ್ಕೆ. ಹಾಗಾಗಿ ಕಡಿಮೆ ಕೆಸರು ಎಂಬ ಸೂತ್ರದ ಜೊತೆ, ಉಳಿದದ್ದು ಮತ್ತೆ ಕರಗಬಾರದು ಎಂಬ ಸೂತ್ರವೂ ಸೇರಲೇಬೇಕು. ಎರಡೂ ಹೊಡೆದಾಡಿದರೆ ಎರಡನೆಯದೇ ಗೆಲ್ಲಬೇಕು.

ಕೆಸರನ್ನೇ ಸಂಪತ್ತು ಮಾಡಬಹುದು ಎಂಬ ಉತ್ಸಾಹದ ಮಾತುಗಳೂ ಬರುತ್ತವೆ. ಒಹಾಯೊ ವಿಶ್ವವಿದ್ಯಾಲಯದ ಎಂಜಿನಿಯರ್ ಗೈ ರೀಫ್ಲರ್ ಮತ್ತು ಕಲಾವಿದ ಜಾನ್ ಸಾಬ್ರಾ ಸೇರಿ ಹಳೆಯ ಕಲ್ಲಿದ್ದಲು ಗಣಿಗಳ ಕಬ್ಬಿಣದ ಕೆಸರಿನಿಂದ ಚಿತ್ರಕಾರರ ಬಣ್ಣ ಮಾಡಿದ್ದಾರೆ. ಬಣ್ಣ ಚೆನ್ನಾಗಿದೆ, ಮಾರುಕಟ್ಟೆಗೂ ಬಂದಿದೆ. ಆದರೆ ಅದು ಸಾಧ್ಯವಾದದ್ದು ಆ ನೀರಿನಲ್ಲಿ ಕಬ್ಬಿಣ ಬಿಟ್ಟರೆ ವಿಷದ ಲೋಹಗಳು ಕಡಿಮೆ ಇದ್ದುದರಿಂದ. ಚಿನ್ನದ ಗಣಿಯ ಕೆಸರಿನಿಂದ ಮಕ್ಕಳ ಶಾಲೆಯ ಗೋಡೆಗೆ ಬಣ್ಣ ಹಚ್ಚುವ ಮಾತು ಯಾರಾದರೂ ಆಡಿದರೆ ಮೊದಲು ಆರ್ಸೆನಿಕ್ ವರದಿ ಕೇಳಬೇಕು. ತಾಮ್ರದ ನೀರಿಗೆ ಇದಕ್ಕಿಂತ ಗಟ್ಟಿಯಾದ ದಾರಿ ಇದೆ. ಸುಣ್ಣ ಹಾಕುವ ಮೊದಲು ಗಂಧಕದ ಅನಿಲದಿಂದ ತಾಮ್ರವನ್ನೊಂದನ್ನೇ ಸಲ್ಫೈಡ್ ಆಗಿ ಬೀಳಿಸುವುದು. ಆ ಪುಡಿ ಮಂದವಾಗಿರುತ್ತದೆ, ನೀರು ಹಿಡಿದಿಡುವುದಿಲ್ಲ, ತಾಮ್ರದ ಅಂಶ ಸಾಕಷ್ಟಿದ್ದರೆ ಕುಲುಮೆಗೆ ಮಾರಲೂಬಹುದು. ನೆದರ್‌ಲೆಂಡ್ಸ್‌ನ ಬುಡೆಲ್ ಸತುವಿನ ಕಾರ್ಖಾನೆ 1990ರ ದಶಕದಿಂದ ಬ್ಯಾಕ್ಟೀರಿಯಾಗಳ ಕೈಲಿ ಇಂಥ ಕೆಲಸ ಮಾಡಿಸಿದೆ. ಆ ಅನಿಲ ಮನುಷ್ಯನನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ, ಮ್ಯಾನ್‌ಹೋಲ್ ಸಾವುಗಳಲ್ಲಿ ನಮಗೆ ಗೊತ್ತಿರುವ ಅನಿಲವೇ ಅದು. ಹಾಗಾಗಿ ಇದು ದೊಡ್ಡ, ಕಾವಲಿರುವ, ನಿತ್ಯ ನಡೆಯುವ ಘಟಕಕ್ಕೆ ಸರಿ. ಕೈಬಿಟ್ಟ ಇಂಗಳದಾಳ್‌ಗೆ ಬೇಕೋ ಬೇಡವೋ ಎಂಬುದು ಅಲ್ಲಿನ ನೀರಿನಲ್ಲಿ ತಾಮ್ರ ಎಷ್ಟಿದೆ ಎಂಬುದರ ಮೇಲೆ ನಿಂತಿದೆ.

ಇಷ್ಟೆಲ್ಲ ಯಂತ್ರ ಯಾಕೆ, ಜೊಂಡು ಬೆಳೆಸಿ ನೀರು ಹಾಯಿಸಿದರೆ ನಿಸರ್ಗವೇ ಶುದ್ಧ ಮಾಡುತ್ತದೆ ಎಂಬ ಪರಿಸರಪ್ರಿಯರ ಮಾತನ್ನು ಸುಲಭವಾಗಿ ತಳ್ಳಿಹಾಕಲಾರೆ. ಬ್ರಿಟನ್ನಿನ ಹಳೆಯ ಕಲ್ಲಿದ್ದಲು ಗಣಿಗಳ ನೀರಿಗೆ ಕೊಳ ಮತ್ತು ಜೊಂಡಿನ ಗದ್ದೆಗಳ ಸಾಲು ದಶಕಗಳಿಂದ ಕೆಲಸ ಮಾಡುತ್ತಿದೆ. ಅಲ್ಲೂ ಕಬ್ಬಿಣ ಎಲ್ಲಿಗೂ ಮಾಯವಾಗುವುದಿಲ್ಲ, ಕೊಳದ ತಳದಲ್ಲಿ ಕೂರುತ್ತದೆ, ಕೆಲವು ವರ್ಷಗಳಿಗೊಮ್ಮೆ ಬಾಚಿ ತೆಗೆಯಬೇಕು. ಒಳ್ಳೆಯದೇನೆಂದರೆ ನಿಧಾನವಾಗಿ ಕೂತದ್ದು ಸುಣ್ಣದ ಕೆಸರಿಗಿಂತ ಮಂದವಾಗಿರುತ್ತದೆ. ಆದರೆ ಅಲ್ಲಿ ವರ್ಷವಿಡೀ ತುಂತುರು ಮಳೆ, ಇಲ್ಲಿ ಎಂಟು ತಿಂಗಳು ಒಣಗಿದ ನೆಲ, ಆಮೇಲೆ ಒಂದೇ ರಾತ್ರಿಯಲ್ಲಿ ಸುರಿಯುವ ಮಳೆ. ಒಣಗಿದ ಜೊಂಡಿನ ಗದ್ದೆಯಿಂದ ಮೊದಲ ಮಳೆಗೆ ಕೊಚ್ಚಿಹೋಗುವ ಕೆಸರು ಬೇತಮಂಗಲದ ಕೆರೆ, ಪಾಲಾರ್ ನದಿ ಹಿಡಿದು ಆಂಧ್ರ, ತಮಿಳುನಾಡಿನ ಕಡೆಗೇ ಸಾಗುತ್ತದೆ. ಘಟಕದ ಕೊನೆಗೆ, ತಿಳಿಯಾದ ನೀರಿನ ಅಂತಿಮ ಹಂತಕ್ಕೆ ಜೊಂಡು ಇರಲಿ. ಅದನ್ನೇ ಪೂರ್ತಿ ನೆಚ್ಚಲಾಗದು.

ಖರ್ಚಿನ ಆಕ್ಷೇಪ ಕೊನೆಯದು, ಗಟ್ಟಿಯಾದದ್ದೂ ಹೌದು. ಕೆಸರು ಕಡಿಮೆ ಮಾಡುವ ಘಟಕ ಕಟ್ಟುವಾಗಿನ ವೆಚ್ಚ ಹೆಚ್ಚು, ಉಳಿತಾಯ ಬರುವುದು ಇಪ್ಪತ್ತು ಮೂವತ್ತು ವರ್ಷಗಳಲ್ಲಿ. ಕಟ್ಟುವವನೂ ನಡೆಸುವವನೂ ಬೇರೆಯಾದರೆ ಕಟ್ಟುವವನಿಗೆ ಆ ಉಳಿತಾಯದ ಹಂಗಿಲ್ಲ. ಗಣಿ ಮುಚ್ಚುವ ಯೋಜನೆಯನ್ನೂ ಅದಕ್ಕೆ ಹಣದ ಖಾತರಿಯನ್ನೂ ನಮ್ಮ ದೇಶದಲ್ಲಿ ಕಡ್ಡಾಯ ಮಾಡಿದ್ದು 2003ರಲ್ಲಿ. ಕೆಜಿಎಫ್ ಮುಚ್ಚಿದ್ದು ಅದಕ್ಕೂ ಎರಡು ವರ್ಷ ಮುಂಚೆ. ಮೊದಲ ಸಲ ಮುಚ್ಚುವಾಗ ಯಾರನ್ನೂ ಹೊಣೆ ಮಾಡಲು ಕಾನೂನಿನ ಕೊಕ್ಕೆ ಇರಲಿಲ್ಲ. ದಿಬ್ಬಗಳ ಹರಾಜು ಎರಡನೆಯ ಅವಕಾಶ. ಬಿಡ್‌ನಲ್ಲಿ ಮೂರು ಅಂಕಿ ಕೇಳಿದರೆ ಸಾಕು: ಶುದ್ಧ ಮಾಡಿದ ಪ್ರತಿ ಹತ್ತು ಲಕ್ಷ ಲೀಟರಿಗೆ ಹುಟ್ಟುವ ಕೆಸರಿನ ಒಣ ತೂಕ, ಅದೇ ಕೆಸರಿನ ಹಸಿ ಗಾತ್ರ, ಮತ್ತು ಆಮ್ಲದ ಮಳೆನೀರಿಗೆ ಒಡ್ಡಿದಾಗ ಅದರಿಂದ ಮರಳಿ ಕರಗುವ ಲೋಹ. ನಡೆಸುವ ವರ್ಷಗಳ ಕೆಸರಿನ ವಿಲೇವಾರಿ ಖರ್ಚನ್ನು ಬಿಡ್‌ನ ಮೊತ್ತಕ್ಕೇ ಸೇರಿಸಬೇಕು, ಮುಚ್ಚುವ ದಿನಕ್ಕೆಂದು ಹಣ ಮೊದಲೇ ಠೇವಣಿ ಇಡಬೇಕು. ಇಷ್ಟಾದರೆ ಪಂಪು, ಟ್ಯಾಂಕು, ವಿಧಾನ ಯಾವುದು ಎಂದು ಸರ್ಕಾರ ಹೇಳಿಕೊಡಬೇಕಾಗಿಲ್ಲ. ಬಿಡ್ ಹಾಕುವವನೇ ಹುಡುಕಿಕೊಳ್ಳುತ್ತಾನೆ.

ಉಳಿದದ್ದನ್ನು ಇಡುವುದೆಲ್ಲಿ? ವೀಲ್ ಜೇನ್‌ನ ಕೆಸರು ಅದೇ ಗಣಿಯ ಹಳೆಯ ಪುಡಿಯ ಕಟ್ಟೆಗೆ ಹೋಗುತ್ತದೆ, ಐರನ್ ಮೌಂಟನ್‌ನದು ಅಲ್ಲಿನದೇ ಹಳೆಯ ತೆರೆದ ಗಣಿಗುಂಡಿಗೆ. ಕೆಜಿಎಫ್‌ನಲ್ಲೂ ಜಾಗಕ್ಕೆ ಬರವಿಲ್ಲ, ಆದರೆ ಆಮ್ಲ ಬಿಡುವ ದಿಬ್ಬದ ನೆತ್ತಿಗೆ ಈ ಕೆಸರು ಹಾಕಿದರೆ ಕಷ್ಟಪಟ್ಟು ತೆಗೆದ ಲೋಹ ಮತ್ತೆ ಕರಗಿ ಅದೇ ಘಟಕಕ್ಕೆ ವಾಪಸು ಬರುತ್ತದೆ. ಕೆಳಗೆ ಪ್ಲಾಸ್ಟಿಕ್ ಹಾಸು ಹಾಕಿದ, ಮೇಲೆ ಮುಚ್ಚಿದ ಗುಂಡಿ ಗಣಿಯ ಆವರಣದಲ್ಲೇ ಆದರೆ ದಾಬಸ್‌ಪೇಟೆಯವರೆಗೆ ಸಾಗಿಸುವುದು ತಪ್ಪುತ್ತದೆ. ಅಮೆರಿಕದ ಅಪಲೇಚಿಯ ಸೀಮೆಯಲ್ಲಿ ಬೋರು ಕೊರೆದು ಕೆಸರನ್ನು ಹಳೆಯ ಸುರಂಗಗಳಿಗೇ ಇಳಿಸುವ ರೂಢಿ ಇದೆ, ಅಗ್ಗವೂ ಹೌದು. ಮೈಸೂರು ಮೈನ್, ಚಾಂಪಿಯನ್ ರೀಫ್, ನಂದಿದುರ್ಗ ಗಣಿಗಳ ಶಾಫ್ಟ್‌ಗಳನ್ನು ನೋಡಿದವರಿಗೆ ಈ ಆಲೋಚನೆ ಬರದೇ ಇರದು. ಬಂಡೆಸಿಡಿತಕ್ಕೆ ಹೆಸರಾದ ಆ ಸುರಂಗಗಳಲ್ಲಿ ಪಂಪು ನಿಂತ ಮೇಲೆ ನೀರು ತುಂಬಿಕೊಂಡಿದೆ. ಆ ನೀರು ಯಾವ ಮಟ್ಟದಲ್ಲಿ ನಿಂತಿದೆ, ಪಿಎಚ್ ಎಷ್ಟು, ಯಾವ ದಿಕ್ಕಿಗೆ ಜಿನುಗುತ್ತದೆ ಎಂಬ ಅಳತೆಯನ್ನು ಹರಾಜಿನ ಕಾಗದಗಳ ಜೊತೆ ಸಾರ್ವಜನಿಕರ ಮುಂದಿಡುವ ತನಕ ಒಂದು ಟ್ಯಾಂಕರ್ ಕೆಸರನ್ನೂ ಕೆಳಗಿಳಿಸಲು ಬಿಡಬಾರದು. ಅಳೆದು ನೋಡಿ, ನೀರು ಕ್ಷಾರೀಯವಾಗಿದೆ, ಹೊರಗೆ ಹರಿಯುತ್ತಿಲ್ಲ ಎಂದು ಖಚಿತವಾದರೆ, ಮಂದವಾಗಿಸಿದ ಕೆಸರಿಗೆ ಅದು 150 ಕಿಲೋಮೀಟರ್ ಲಾರಿ ಓಡಿಸುವುದಕ್ಕಿಂತ ವಾಸಿ.